ಅಣ್ಣನಿಗೆ ಕಾರ್ಲಾ ತೋರಿಸಿದ್ದು

ಕಾರ್ಲಾ ಗುಹೆ ತೋರಿಸು ಎಂದು ಅಣ್ಣ ತಾನಾಗಿಯೇ ಕೇಳಿದ ದಿನ ನಾನು ಎಷ್ಟು ಹಿಗ್ಗಿದ್ದೆ ಎನ್ನುವುದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಅವನ ಮೇಲೆ ಸಿಟ್ಟಿದೆ, ಅದು ಬೇರೆ. ಆ ಹಿಗ್ಗಿನ ಮೇಲೇ ನನಗೆ ಹೆಚ್ಚು ಸಿಟ್ಟು. ಐವತ್ತರ ಹತ್ತಿರ ಬಂದ ಹೆಂಗಸು, ಆಫೀಸಿನಲ್ಲಿ ಇಂಜಿನಿಯರುಗಳನ್ನೇ ಗದರಿಸುವವಳು, ಒಂದು ಮಾತಿಗೆ ಸಣ್ಣ ಹುಡುಗಿಯ ಹಾಗೆ ಕರಗಿ ಹೋಗಬಾರದಿತ್ತು.

ನಾನು ನಕ್ಷೆ ಬರೆಯುವವಳು. ಚಾಕಣದ ಕಾರ್ಖಾನೆಗಳಿಗೆ ಶೆಡ್ಡು, ಗೋದಾಮು, ಕ್ಯಾಂಟೀನು ಕಟ್ಟಿಸಿಕೊಡುವ ಒಂದು ಸಣ್ಣ ಆಫೀಸಿನಲ್ಲಿ ಮೊದಲು ಬೋರ್ಡಿನ ಮೇಲೆ, ಆಮೇಲೆ ಕಂಪ್ಯೂಟರಿನಲ್ಲಿ ಗೆರೆ ಎಳೆದುಕೊಂಡೇ ಬದುಕಿದ್ದೇನೆ. ಅಪ್ಪ ವಿಜಯಪುರದ ಕಡೆಯಿಂದ ಈ ಮರಾಠಿ ಸೀಮೆಗೆ ಬಂದು ಮಾರ್ಕೆಟ್ ಯಾರ್ಡಿನಲ್ಲಿ ಮೆಣಸಿನಕಾಯಿ ವ್ಯಾಪಾರಕ್ಕೆ ಕೂತವನು. ಅವನ ನಂತರ ಗಾದಿ ಅಣ್ಣನಿಗೆ ಬಂತು. ನಾನು ಲಗ್ನವಾಗಲಿಲ್ಲ. ಯಾಕೆ ಎಂದು ಕೇಳುವವರು ಕೇಳಿ ಕೇಳಿ ಬೇಸತ್ತು ಬಿಟ್ಟರು. ಬಿಬ್ಬೆವಾಡಿಯಲ್ಲಿ ನಮ್ಮ ಮನೆ. ಕೆಳಗೆ ಅಣ್ಣನ ಸಂಸಾರ, ಮೇಲೆ ತಾರಸಿ ಗಚ್ಚಿಯ ಪಕ್ಕದ ಖೋಲಿಯಲ್ಲಿ ನಾನು. ಅಣ್ಣನ ಮಗನಿಗೆ ಹೆಣ್ಣು ಗೊತ್ತಾದ ಮೇಲೆ ವೈನಿ, ಅಂದರೆ ಅಣ್ಣನ ಹೆಂಡತಿ, ಬಟ್ಟೆ ಒಣಹಾಕಲು ಮೇಲೆ ಬಂದಾಗಲೆಲ್ಲ ನನ್ನ ಖೋಲಿಯ ಬಾಗಿಲಲ್ಲಿ ನಿಂತು ಗೋಡೆಯಿಂದ ಗೋಡೆಗೆ ಕಣ್ಣಾಡಿಸುತ್ತಿದ್ದಳು. ನಾನು ನೋಡಿಯೂ ನೋಡದವಳಂತೆ ಇದ್ದೆ.

ಕಾರ್ಲಾ ನನ್ನ ಹುಚ್ಚು. ಡಿಪ್ಲೊಮಾ ಓದುವಾಗ ಮೇಷ್ಟ್ರು ಒಮ್ಮೆ ಕರೆದುಕೊಂಡು ಹೋಗಿದ್ದರು. ಆಮೇಲೆ ಲೋಕಲ್ ರೈಲು ಹಿಡಿದು, ಮಳವಲಿಯಲ್ಲಿ ಇಳಿದು, ಒಬ್ಬಳೇ ಹೋಗತೊಡಗಿದೆ. ಮಳೆಗಾಲ ಬೇಸಿಗೆ ಎನ್ನದೆ ಹೋಗುತ್ತಿದ್ದೆ. ಮನೆಯಲ್ಲಿ ಅದಕ್ಕೆ ಹೆಸರೇ ಬಿದ್ದಿತ್ತು. 'ಬಾಯಾರು ಇವತ್ತ ಗುಡ್ಡಕ್ಕ ಹೋಗ್ಯಾರ' ಎಂದು ವೈನಿ ಬಂದವರಿಗೆ ಹೇಳಿ ನಗುತ್ತಿದ್ದಳು. ಅಣ್ಣ ನಗುತ್ತಲೂ ಇರಲಿಲ್ಲ. ನಾನು ಏನು ಬರೆಯುತ್ತೇನೆ, ಏನು ನೋಡುತ್ತೇನೆ ಎನ್ನುವುದು ಅವನ ಕಿವಿಗೆ ಬಿದ್ದು ಹಾಗೇ ಜಾರಿ ಹೋಗುತ್ತಿತ್ತು. ಅವನಿಗೆ ನನ್ನ ಮೇಲೆ ಪ್ರೀತಿ ಇರಲಿಲ್ಲ ಎಂದಲ್ಲ. ಜ್ವರ ಬಂದರೆ ಡಾಕ್ಟರ ಹತ್ತಿರ ಎಳೆದುಕೊಂಡು ಹೋಗುತ್ತಿದ್ದ, ಮಾವಿನ ಹಣ್ಣಿನ ಪೆಟ್ಟಿಗೆ ಬಂದರೆ ಮೊದಲ ಹಣ್ಣು ಮೇಲೆ ಕಳಿಸುತ್ತಿದ್ದ. ಆದರೆ ಒಂದು ಸಲ, ಒಂದೇ ಸಲ, ನಾನು ನೋಡುವುದನ್ನು ಅವನು ನನ್ನ ಪಕ್ಕ ನಿಂತು ನೋಡಬೇಕು ಎಂಬ ಆಸೆ ನನಗೆ ಹೋಗಿರಲಿಲ್ಲ. ನನ್ನ ಬದುಕಿಗೆ ಸಾಕ್ಷಿ ಎಂದು ಹೇಳಿಕೊಳ್ಳಲು ಅವನಲ್ಲದೆ ಇನ್ಯಾರೂ ಉಳಿದಿರಲಿಲ್ಲ.

ಅಂಥವನು ಒಂದು ದಿನ ಊಟದ ತಾಟಿನ ಮುಂದೆ ಕೂತು, "ತಂಗಿ, ಬರೂ ರವಿವಾರ ಆ ನಿನ್ನ ಕಾರ್ಲಾಕ್ಕ ಹೋಗೋಣು. ನೀ ಎಲ್ಲಾ ಬಿಡಿಸಿ ಹೇಳಬೇಕು ನೋಡು" ಅಂದ.

ನಾನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಅವನ ಮುಖ ನೋಡಿದೆ. ಅವನು ಪಲ್ಯ ಕಲಸುತ್ತಿದ್ದ.

ಆ ವಾರವೆಲ್ಲ ನಾನು ಆಫೀಸಿನಲ್ಲಿ ಕೆಲಸ ಮಾಡಿದೆನೋ ಇಲ್ಲವೋ ಗೊತ್ತಿಲ್ಲ. ಅವನಿಗೆ ಏನೇನು ಹೇಳಬೇಕು, ಯಾವುದು ಮೊದಲು, ಯಾವುದು ಕೊನೆಗೆ ಎಂದು ತಲೆಯಲ್ಲೇ ಜೋಡಿಸಿಕೊಂಡೆ. ಒಂದು ಮಾತನ್ನು ಅವನಿಗಾಗಿಯೇ ತೆಗೆದಿಟ್ಟಿದ್ದೆ. ಆ ಗುಹೆಯ ಮುಂಗೋಡೆಯಲ್ಲಿ ಇದನ್ನು ಮಾಡಿಸಿದ್ದು ವೈಜಯಂತಿ ಎಂಬ ಊರಿನ ಸೆಟ್ಟಿ ಎಂದು ಕೆತ್ತಿದ್ದಾರೆ. ವೈಜಯಂತಿ ಎಂದರೆ ನಮ್ಮ ಬನವಾಸಿ ಎನ್ನುತ್ತಾರೆ ತಿಳಿದವರು. ಎರಡು ಸಾವಿರ ವರ್ಷದ ಹಿಂದೆ ನಮ್ಮ ಕಡೆಯ ಒಬ್ಬ ವ್ಯಾಪಾರಿ ಇಷ್ಟು ದೂರ ಬಂದು ಇಂಥದ್ದನ್ನು ಮಾಡಿಸಿದ್ದಾನೆ ಎಂದರೆ ಮಾರ್ಕೆಟ್ ಯಾರ್ಡಿನ ನನ್ನ ಅಣ್ಣ ಎದೆಯುಬ್ಬಿಸದೆ ಇರುತ್ತಾನೆಯೇ? ಅವನು ಮಾರನೇ ದಿನ ಗಾದಿಯಲ್ಲಿ ಕೂತು ಹಮಾಲರಿಗೆ, ದಲಾಲರಿಗೆ ಹೇಳುತ್ತಾನೆ ಎಂದೆಲ್ಲ ಊಹಿಸಿಕೊಂಡೆ.

ಭಾನುವಾರ ಬೆಳಿಗ್ಗೆ ವೈನಿ ಮೇಲೆ ಬಂದು ನನ್ನ ಚೂಡಿದಾರ ನೋಡಿ ಮುಖ ಸಿಂಡರಿಸಿದಳು.

"ಸೀರಿ ಉಡ್ರಿ. ಎಲ್ಲಾರೂ ಕೂಡಿ ಹೊಂಟೇವಿ, ಛಂದ ಕಾಣಬೇಕು."

"ಗುಡ್ಡ ಹತ್ತೂದಕ್ಕ ಸೀರಿ ಯಾಕ ವೈನಿ?"

"ಉಡ್ರಿ ಅಂದೆ. ನಿಮ್ಮಣ್ಣನ ಮನಸಿಗಾದ್ರೂ ಉಡ್ರಿ."

ಅಣ್ಣನ ಹೆಸರು ಹೇಳಿದರೆ ಆ ದಿನ ನಾನು ಏನನ್ನಾದರೂ ಉಡುತ್ತಿದ್ದೆ. ಇಳಕಲ್ಲ ಸೀರೆ ಉಟ್ಟೆ. ವೈನಿ ಮಲ್ಲಿಗೆ ದಂಡೆಯನ್ನೂ ತಂದಿದ್ದಳು, ತಾನೇ ಮುಡಿಸಿದಳು. ಕಾರಿನಲ್ಲಿ ಅವಳ ಕಾಲ ಬುಡದಲ್ಲಿ ದೊಡ್ಡದೊಂದು ಸ್ಟೀಲ್ ಡಬ್ಬಿ ಇತ್ತು. ಹಚ್ಚಿದ ಅವಲಕ್ಕಿಯ ವಾಸನೆ ಬರುತ್ತಿತ್ತು. ಮೂರು ಜನಕ್ಕೆ ಇಷ್ಟೊಂದು ಯಾಕೆ ಎಂದು ನನಗೆ ಹೊಳೆಯಲೇ ಇಲ್ಲ. ದಾರಿಯುದ್ದಕ್ಕೂ ನಾನೇ ಮಾತಾಡಿದೆ, ಅಣ್ಣ ಸ್ಟೇರಿಂಗ್ ಹಿಡಿದು ಹೂಂ ಹೂಂ ಎನ್ನುತ್ತಿದ್ದ.

ಗುಡ್ಡದ ಕೆಳಗೆ ಕಾರು ನಿಲ್ಲಿಸಿದಾಗ ಅಲ್ಲಿ ಇನ್ನೊಂದು ಕಾರಿನ ಪಕ್ಕ ಮೂರು ಜನ ನಿಂತಿದ್ದರು. ಐವತ್ತು ದಾಟಿದ, ತಲೆ ಮುಂದೆ ಬೋಳಾದ ಒಬ್ಬ ಗಂಡಸು. ಅವನ ಅಕ್ಕ, ದಪ್ಪ ದೇಹದ ಹೆಂಗಸು. ಆ ಅಕ್ಕನ ಗಂಡ. ಅಣ್ಣ ಎರಡೂ ಕೈ ಮೇಲೆತ್ತಿ, "ಅರೆ, ನೀವಿಲ್ಲಿ ಹೆಂಗ್ರಿ?" ಅಂದ. ಪೇಠೆಯಲ್ಲಿ ಅವರದು ಹಾರ್ಡ್‌ವೇರ್ ಅಂಗಡಿಯಂತೆ, ನಮ್ಮ ಜನವೇ ಅಂತೆ, ಗುರುತಿನವರಂತೆ. ಅಣ್ಣನಿಗೆ ನಾಟಕ ಬರುವುದಿಲ್ಲ. ಕೈ ಅಷ್ಟು ಮೇಲೆ ಹೋದಾಗಲೇ ನನಗೆ ಗೊತ್ತಾಗಬೇಕಿತ್ತು. ಆದರೆ ನಾನು ನನ್ನ ಕಂಬ, ಕಮಾನುಗಳ ಗುಂಗಿನಲ್ಲಿದ್ದೆ. ಕೇಳುವವರು ಇನ್ನೂ ಮೂರು ಜನ ಸಿಕ್ಕರಲ್ಲ ಎಂದು ಖುಷಿಯೇ ಆಯಿತು.

ಮೆಟ್ಟಿಲ ಸಾಲಿನ ಎರಡೂ ಕಡೆ ತೆಂಗಿನಕಾಯಿ, ಹೂವು, ಬಳೆಯ ಅಂಗಡಿಗಳು. ಗುಹೆಯ ಬಾಯಲ್ಲೇ ದೇವಿಯ ಗುಡಿ ಇರುವುದರಿಂದ ಹರಕೆ ಹೊತ್ತವರು ಕೋಳಿ ಹಿಡಿದುಕೊಂಡು ಹತ್ತುತ್ತಿದ್ದರು. ಆ ಅಕ್ಕ ಮೂಗಿಗೆ ಸೆರಗು ಹಿಡಿದು ಪಕ್ಕಕ್ಕೆ ಸರಿದಳು. "ನೀವು ಮುಂದ ನಡೀರಿ, ನಾವು ನಿಮ್ಮ ಹಿಂದ ಬರ್ತೀವಿ" ಎಂದು ನನ್ನನ್ನೇ ಮುಂದೆ ಕಳಿಸಿದಳು. ಜನ ಸೇರುವ ಮೊದಲೇ ಒಳಗಿರಬೇಕು ಎಂಬ ಆತುರ ನನಗೆ. ನೆರಿಗೆ ಎತ್ತಿಕೊಂಡು ಎಲ್ಲಿಯೂ ನಿಲ್ಲದೆ ಹತ್ತಿದೆ. ಅವಳು ಅಲ್ಲಲ್ಲಿ ಕೂರುತ್ತಾ, ಏದುಸಿರು ಬಿಡುತ್ತಾ, ಕೆಳಗಿನಿಂದ ಕೂಗಿ ಕೇಳುತ್ತಿದ್ದಳು.

"ದಣಿವಾಗಂಗಿಲ್ಲೇನ್ರಿ?"

"ಇಲ್ರಿ, ನಾ ಸಿಂಹಗಡಾನೂ ಹತ್ತತೀನಿ."

"ಮಣಕಾಲು ನೋಯಂಗಿಲ್ಲ?"

"ಇನ್ನತನಕ ಇಲ್ರಿ."

ಅದನ್ನು ಎಷ್ಟು ಜಂಬದಿಂದ ಹೇಳಿದೆ! ನನ್ನ ಆರೋಗ್ಯ ಯಾರೋ ವಿಚಾರಿಸುತ್ತಿದ್ದಾರೆ ಎಂದುಕೊಂಡೆ.

ಮೇಲೆ ಹೋದವರು ಕಣ್ಣಿಗೆ ಮೊದಲು ಬೀಳುವ ದೇವಿಯ ಗುಡಿಯನ್ನೇ ನೋಡಿ ತಿರುಗುತ್ತಾರೆ. ನಾನು ಅವರನ್ನು ಎಡಕ್ಕೆ, ಸಿಂಹಗಳನ್ನು ತಲೆಯ ಮೇಲೆ ಹೊತ್ತ ಒಂಟಿ ಕಂಬದ ಹತ್ತಿರ ನಿಲ್ಲಿಸಿದೆ. ಮೊಗಸಾಲೆಯ ಎರಡೂ ತುದಿಯ ಗೋಡೆಗಳಲ್ಲಿ ಆನೆಗಳು ಇಡೀ ಮಾಳಿಗೆಯನ್ನು ಬೆನ್ನ ಮೇಲೆ ಹೊತ್ತುಕೊಂಡಂತೆ ನಿಂತಿವೆ. ಬಾಗಿಲುಗಳ ನಡುವೆ ಗಂಡ ಹೆಂಡತಿಯರ ಜೋಡಿಗಳು, ಹೆಗಲಿಗೆ ಹೆಗಲು ತಾಗಿಸಿಕೊಂಡು, ಯಾರ ಹಂಗೂ ಇಲ್ಲದವರಂತೆ ನಗುತ್ತಿವೆ. ಅವುಗಳ ಮುಂದೆ ಅಕ್ಕ ಒಮ್ಮೆ ನನ್ನನ್ನೂ ಒಮ್ಮೆ ತಮ್ಮನನ್ನೂ ನೋಡಿದಳು. ನಾನು ಆಗ ಕುದುರೆಲಾಳದ ಆಕಾರದ ದೊಡ್ಡ ಕಿಟಕಿಯ ಬಗ್ಗೆ ಹೇಳುತ್ತಿದ್ದೆ. ಆ ಒಂದು ಕಿಟಕಿಯಿಂದ ಬೆಳಕು ನೇರವಾಗಿ ಒಳಗಿನ ಸ್ತೂಪದ ಮೇಲೆ ಬೀಳುವ ಹಾಗೆ ಅಳತೆ ಹಾಕಿದ್ದಾರೆ. ಚಾಕಣದಲ್ಲಿ ನಾವು ಅಷ್ಟು ಕಿಟಕಿ ಇಟ್ಟರೂ ಕೆಲಸಗಾರರು ಹಗಲಲ್ಲೇ ದೀಪ ಹಚ್ಚುತ್ತಾರೆ.

ಒಳಗೆ ಕಾಲಿಟ್ಟರೆ ಎಷ್ಟು ಸಲ ನೋಡಿದ್ದರೂ ನಾನು ಮೊದಲು ತಲೆಯೆತ್ತಿ ಸೂರನ್ನೇ ನೋಡುತ್ತೇನೆ. ಉದ್ದಕ್ಕೆ ಹೋಗುವ ಸಭಾಂಗಣ, ಎರಡೂ ಕಡೆ ಕಂಬಗಳ ಸಾಲು. ಪ್ರತಿ ಕಂಬದ ಬುಡದಲ್ಲಿ ಕಲ್ಲಿನ ಕೊಡ, ತಲೆಯ ಮೇಲೆ ಮಂಡಿಯೂರಿದ ಆನೆಗಳು, ಅವುಗಳ ಮೇಲೆ ಜೋಡಿ ಜೋಡಿಯಾಗಿ ಕೂತ ಸವಾರರು. ಮೇಲೆ ಕಮಾನಿನ ಸೂರು. ಇದು ಕಟ್ಟಿದ್ದಲ್ಲ, ಗುಡ್ಡದ ಹೊಟ್ಟೆಯಿಂದ ಕಡಿದು ತೆಗೆದದ್ದು. ಸೂರನ್ನು ಮೊದಲು ಕಡಿದು, ಆಮೇಲೆ ಕಂಬ, ಕೊನೆಗೆ ನೆಲ ಎಂದು ಮೇಲಿನಿಂದ ಕೆಳಗೆ ಇಳಿದಿದ್ದಾರೆ. ನಾವು ತಪ್ಪು ಗೆರೆ ಎಳೆದರೆ ಅಳಿಸುತ್ತೇವೆ. ಅವರು ಒಂದು ಏಟು ತಪ್ಪಿದರೆ ಅದನ್ನು ಮತ್ತೆ ಅಂಟಿಸುವಂತಿರಲಿಲ್ಲ. ಇದನ್ನೆಲ್ಲ ಅವರಿಗೆ ಬಿಡಿಸಿ ಹೇಳಿದೆ.

ವೈನಿ ಸೀದಾ ಸ್ತೂಪದ ಹತ್ತಿರ ಹೋಗಿ, ಕೊರಳಲ್ಲಿದ್ದ ತನ್ನ ಲಿಂಗವನ್ನು ಮುಟ್ಟಿಕೊಂಡು ಕಣ್ಣು ಮುಚ್ಚಿ ನಿಂತಳು. ಆಮೇಲೆ ಪರ್ಸಿನಿಂದ ವಿಭೂತಿ ತೆಗೆದು ಸ್ತೂಪಕ್ಕೆ ಹಚ್ಚಲು ಕೈ ಚಾಚಿದಳು. "ಹಾತ್ ಲಾವು ನಕಾ," ಮುಟ್ಟಬೇಡಿ ಎಂದು ಕಾವಲುಗಾರ ಸೀಟಿ ಊದಿದ.

"ಇಷ್ಟ ದೊಡ್ಡ ಲಿಂಗಾ ನಾ ಎಲ್ಲೂ ನೋಡಿಲ್ಲ ಬಿಡ್ರಿ" ಅಂದಳು ವೈನಿ.

"ಇದು ಲಿಂಗ ಅಲ್ಲ ವೈನಿ, ಸ್ತೂಪ. ಬೌದ್ಧರದು."

"ಯಾರದರ ಇರವಲ್ದ್ಯಾಕ. ನನಗೇನು, ಬೇಡಕೊಳ್ಳೂದು ಬೇಡಕೊಂಡೆ" ಎಂದು ನನ್ನ ಕೆನ್ನೆ ಸವರಿದಳು. ಅವಳು ಹಿಂದೆ ನನ್ನ ಕೆನ್ನೆ ಮುಟ್ಟಿದ್ದು ಯಾವಾಗ ಎಂದು ನನಗೆ ನೆನಪಾಗಲಿಲ್ಲ.

ಸೂರಿನಲ್ಲಿ ಸಾಲಾಗಿ ಬಾಗಿದ ಮರದ ಪಕ್ಕೆಗಳಿವೆ. ಸ್ತೂಪದ ತಲೆಯ ಮೇಲೆ ಮರದ ಕೊಡೆಯಿದೆ. ಆ ಕಾಲದ ಮರ ಇನ್ನೂ ಅಲ್ಲೇ ಇದೆ. ಇದನ್ನು ತೋರಿಸಿದಾಗ ಆ ಹಾರ್ಡ್‌ವೇರ್ ಅಂಗಡಿಯವನು ತಲೆಯೆತ್ತಿ ಬಹಳ ಹೊತ್ತು ನೋಡಿದ. ಅಲ್ಲಿಯ ತನಕ ಅವನು ಒಂದು ಮಾತೂ ಆಡಿರಲಿಲ್ಲ.

"ಕಲ್ಲಿನ ಸೂರಿಗೆ ಕಟ್ಟಿಗೀ ಆಸರ ಯಾಕ ಬೇಕಾತ್ರಿ?" ಅಂದ.

ಅಷ್ಟು ವರ್ಷ ನಾನು ಯಾರಿಂದಲಾದರೂ ಕೇಳಿಸಿಕೊಳ್ಳಲು ಕಾದಿದ್ದ ಪ್ರಶ್ನೆ ಅದೇ. ಬೇಕಾಗಿರಲಿಲ್ಲ, ಅಂದೆ. ಇದನ್ನು ಕಡಿದವರ ಅಜ್ಜ ಮುತ್ತಜ್ಜರೆಲ್ಲ ಮರದಲ್ಲಿ ಕಟ್ಟಿದವರು. ಪಕ್ಕೆಗಳಿಲ್ಲದ ಸೂರು ಅವರ ಕಣ್ಣಿಗೆ ಸೂರಾಗಿ ಕಾಣಲಿಲ್ಲ. ಅದಕ್ಕೇ ಗುಡ್ಡಕ್ಕೂ ಮರ ತೊಡಿಸಿದರು.

"ಅಂದ್ರ ಅವು ಏನೂ ಹೊತ್ತಿಲ್ಲ. ಸುಮ್ಮ ಅದಾವ."

"ಹೌದ್ರಿ. ಸುಮ್ಮ ಅದಾವ."

ಅವನು ನಕ್ಕ. ಒಳ್ಳೆಯ ನಗು. ಮನುಷ್ಯ ಒಳ್ಳೆಯವನಿದ್ದಾನೆ ಎಂದು ನನಗೆ ಅನ್ನಿಸಿತು, ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಸ್ತೂಪದ ಹಿಂಭಾಗದ ಕಂಬಗಳನ್ನೂ ಅವನಿಗೆ ತೋರಿಸಿದೆ. ಅವಕ್ಕೆ ಕೊಡವಿಲ್ಲ, ಆನೆಯಿಲ್ಲ, ಸವಾರರಿಲ್ಲ. ಎಂಟು ಮುಖದ ಬೋಳು ಕಂಬಗಳು. ಬಂದವರ ಕಣ್ಣು ಅಲ್ಲಿಗೆ ಹೋಗುವುದಿಲ್ಲ ಎಂದು ಬಿಟ್ಟರೋ ಏನೋ ಅಂದೆ. ಆದರೆ ಸಾಲು ಮುಗಿಯಲು ಅವು ಇರಲೇಬೇಕು.

ಕೊನೆಗೆ ಅಣ್ಣನನ್ನು ಕೈ ಹಿಡಿದು ಬಾಗಿಲ ಹತ್ತಿರ ಕರೆದುಕೊಂಡು ಹೋದೆ. ಗೋಡೆಯ ಮೇಲಿನ ಅಕ್ಷರಗಳನ್ನು ತೋರಿಸಿ, ತೆಗೆದಿಟ್ಟುಕೊಂಡ ಬನವಾಸಿಯ ಸೆಟ್ಟಿಯ ಮಾತು ಹೇಳಿದೆ. ನಿನ್ನಂಥವನೇ ಅಣ್ಣ, ವ್ಯಾಪಾರಿ, ನಮ್ಮ ಕಡೆಯವನು, ಅಂದೆ. ಅಣ್ಣ ನನ್ನ ಹೆಗಲಿನ ಮೇಲಿಂದ ಆ ಅಕ್ಕ, ಅವಳ ಗಂಡ ಎಲ್ಲಿದ್ದಾರೆ ಎಂದು ಹುಡುಕುತ್ತಿದ್ದ. "ಹೌದೇನು? ಭಾಳ ಛಲೋ ಆತು. ನಡಿ, ಅವರು ಕಾಯ್ಲಿಕ್ಹತ್ಯಾರ" ಅಂದ.

ಇಳಿಯುವ ದಾರಿಯಲ್ಲಿ ಒಂದು ಮರದ ನೆರಳಿಗೆ ಎಲ್ಲರೂ ಕೂತರು. ವೈನಿ, ಅಣ್ಣ ಹೊತ್ತುಕೊಂಡು ಬಂದಿದ್ದ ಡಬ್ಬಿಯ ಮುಚ್ಚಳ ತೆಗೆದು, ಕಾಗದದ ತಟ್ಟೆಗಳ ಜೊತೆ ನನ್ನ ಮುಂದೆ ಸರಿಸಿದಳು. "ನೀವ ಕೊಡ್ರಿ ಎಲ್ಲಾರಿಗೂ. ಮೊದಲ ಅವರಿಗೆ." ನಾನು ಅವಲಕ್ಕಿ ಹಾಕಿಕೊಂಡು, ಬಗ್ಗಿ, ಆ ಮನುಷ್ಯನ ಕೈಗೆ ತಟ್ಟೆ ಕೊಟ್ಟೆ. ಕೊಟ್ಟು ತಲೆಯೆತ್ತಿದಾಗ ಐದೂ ಜನ ಮಾತು ನಿಲ್ಲಿಸಿ ನನ್ನನ್ನು ನೋಡುತ್ತಿದ್ದರು. ಇಪ್ಪತ್ತರ ವಯಸ್ಸಿನಲ್ಲಿ ಆ ನೋಟದ ಮುಂದೆ ನಾನು ಎಷ್ಟೋ ಸಲ ಅವಲಕ್ಕಿ ತಟ್ಟೆ ಹಿಡಿದು ಬಗ್ಗಿದ್ದೇನೆ. ಸೀರೆ, ಮಲ್ಲಿಗೆ, ಡಬ್ಬಿ, ಕೆನ್ನೆ ಸವರಿದ್ದು, ಎಲ್ಲವೂ ಒಮ್ಮೆಲೇ ತಲೆಗೆ ಬಂತು. ನನ್ನನ್ನು ತೋರಿಸಲು ಕರೆತಂದಿದ್ದರು.

ನಾನು ಏನಾದರೂ ಹೇಳುವ ಮೊದಲೇ ಆ ಅಕ್ಕ ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. ಅವಳಿಗೆ ಮುಚ್ಚುಮರೆ ಇರಲಿಲ್ಲ.

"ನನಗ ಭಾಳ ಸಮಾಧಾನ ಆತ್ರಿ. ನಮ್ಮದು ಪೇಠೆದಾಗ ಹಳೇ ವಾಡೆ. ನಾವು ಎಲ್ಲಾರಿಗಿಂತ ಮ್ಯಾಲ, ಲಿಫ್ಟಿಲ್ಲ. ಅವ್ವ ಹಾಸಗಿ ಹಿಡದಾಳ. ಔಷಧ, ಹಾಲು, ಕಾಯಿಪಲ್ಯ, ದಿನಾ ಹತ್ತೂದು ಇಳಿಯೂದು ಇದ್ದದ್ದ. ಹೋದ ಸಲ ಒಬ್ಬಾಕಿನ್ನ ಪರ್ವತಿ ಗುಡ್ಡಕ್ಕ ಕರಕೊಂಡು ಹೋಗಿದ್ವಿ. ಅರ್ಧಕ್ಕ ಕೂತಬಿಟ್ಳು. ನೀವು ಎಲ್ಲೂ ಕೂಡಲಿಲ್ಲ, ನಾ ನೋಡಕೋತ ಬಂದೆ. ಮಣಕಾಲು ಗಟ್ಟಿ ಅದಾವು."

ಅಣ್ಣ ದೊಡ್ಡದಾಗಿ ನಕ್ಕು, "ನಾ ಹೇಳಿದ್ನೆಲ್ರಿ" ಅಂದ.

ಅವನ ಮುಖದಲ್ಲಿ ಹೆಮ್ಮೆಯಿತ್ತು. ಬೆಳಿಗ್ಗೆಯಿಂದ ನಾನು ಆ ಮುಖದಲ್ಲಿ ಹುಡುಕುತ್ತಿದ್ದ ಹೆಮ್ಮೆ ಅದು, ನನ್ನ ಮೊಣಕಾಲಿನ ಸಲುವಾಗಿ ಬಂತು.

"ಇಲ್ಲಿಗೆ ಬರೂದು ಯಾರು ಹೇಳಿದ್ದು?" ಎಂದು ಕೇಳಿದೆ. ನನಗೆ ಅದೊಂದೇ ಬೇಕಿತ್ತು. ಅಣ್ಣ ಮಾತು ತೇಲಿಸಲು ನೋಡಿದ. ಅಕ್ಕ ಬಿಡಲಿಲ್ಲ.

"ಜಾಗಾ ನಾವ ಹೇಳಿದ್ದ್ರಿ. ಪರ್ವತಿ ಸಣ್ಣದಾತು, ಕಾರ್ಲಾ ಬರೋಬ್ಬರಿ ಅಂತ."

ಆ ಮನುಷ್ಯನ ಕಡೆ ತಿರುಗಿ, "ನಿಮಗೂ ಗೊತ್ತಿತ್ತೇನ್ರಿ?" ಅಂದೆ. ಅವನು ತಟ್ಟೆಯನ್ನು ನೆಲಕ್ಕಿಟ್ಟ. ಮುಖ ಕೆಂಪಾಗಿತ್ತು. "ನಿಮಗೂ ಗೊತ್ತದ ಅಂತ ಹೇಳಿದ್ರು" ಅಂದ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಒಳ್ಳೆಯದಿತ್ತು, ಎಲ್ಲವನ್ನೂ ಒಂದೇ ಕಡೆ ಸುರಿಯಬಹುದಿತ್ತು. ಮಲ್ಲಿಗೆ ದಂಡೆ ತೆಗೆದು ವೈನಿಯ ಡಬ್ಬಿಯ ಮುಚ್ಚಳದಲ್ಲಿಟ್ಟು ನಾನು ಒಬ್ಬಳೇ ಕೆಳಗಿಳಿದೆ.

ಕಾರಿನಲ್ಲಿ ತಿರುಗಿ ಬರುವಾಗ ಟೋಲ್ ದಾಟಿದ ಮೇಲೆ ನಾನೇ ಕೇಳಿದೆ.

"ಅಣ್ಣಾ, ಇವತ್ತು ಏನು ನೋಡಿದಿ? ಒಂದು ಹೇಳು."

ಅವನು ಸ್ವಲ್ಪ ಹೊತ್ತು ಯೋಚಿಸಿದ. ಪಾಪ, ನಿಜವಾಗಿಯೂ ಯೋಚಿಸಿದ.

"ಛಲೋ ಅದ. ಒಳಗ ತಂಪ ಅದ" ಅಂದ.

ಆ ಅಂಗಡಿಯವರು ಸಂಬಂಧಕ್ಕೆ ಒಪ್ಪಿದರು. ನಾನು ಒಪ್ಪಲಿಲ್ಲ. ವೈನಿ ಪಾತ್ರೆಗಳನ್ನು ಕುಕ್ಕಿ ಇಡುತ್ತಾ, ಈ ವಯಸ್ಸಿನಲ್ಲಿ ಇಂಥ ಮನೆ ಮತ್ತೆ ಸಿಗುತ್ತದೆಯೇ ಎಂದು ಗೋಡೆಗೆ ಕೇಳುತ್ತಿದ್ದಳು. ಅಣ್ಣ ನನ್ನ ಜೊತೆ ಮಾತು ಬಿಟ್ಟ. ಊಟದ ಹೊತ್ತಿಗೆ ನಾನು ಇಳಿದರೆ ಅವನು ಎದ್ದು ಕೈ ತೊಳೆಯಲು ಹೋಗುತ್ತಿದ್ದ. ಮಗನ ಲಗ್ನದ ಮಾತು ನಡೆಯುತ್ತಲೇ ಇತ್ತು. ಜವಳಿ, ಮಂಟಪ, ಬೀಗರು, ಎಲ್ಲ ನನ್ನ ಸುತ್ತ ಸುಳಿದು ಹೋಗುತ್ತಿತ್ತು. ನನ್ನನ್ನು ಯಾರೂ ಹೊರಗೆ ಹೋಗು ಎನ್ನಲಿಲ್ಲ. ಅಂದಿದ್ದರೆ ಜಗಳವಾಡಬಹುದಿತ್ತು, ನನಗೂ ಜಗಳ ಬರುತ್ತದೆ.

ಒಂದು ದಿನ ಬೆಳಿಗ್ಗೆ ಅಣ್ಣ ಮೇಲೆ ಬಂದ. ಎಂದೂ ಬಾಗಿಲ ಹೊರಗೇ ನಿಂತು ಮಾತಾಡುವವನು ಒಳಗೆ ಬಂದು ಕುರ್ಚಿ ಎಳೆದುಕೊಂಡು ಕೂತ. ಗೋಡೆ ನೋಡಿದ, ಕಿಟಕಿ ನೋಡಿದ. ಆಮೇಲೆ ನೆಲ ನೋಡುತ್ತಾ ಹೇಳಿದ.

"ಈ ಖೋಲಿ, ಗಚ್ಚಿ ಕೂಡಿಸಿ ಹುಡುಗನ ಸಂಸಾರಕ್ಕ ಒಂದು ಮನಿ ಮಾಡೋಣಂತ. ಬಾತ್‌ರೂಮು, ಸಣ್ಣ ಅಡಿಗಿಮನಿ. ಹೊರಗಿನವರ ಕಡೆ ಯಾಕ ನಕ್ಷಾ ಹಾಕಸೂದು, ನೀನ ಇದ್ದೀಯಲ್ಲ."

ನಾನು ಹೂಂ ಅಂದೆ.

ಬರೆದುಕೊಟ್ಟೆ. ಕೆಟ್ಟದಾಗಿ ಬರೆಯೋಣ ಎಂದು ಒಮ್ಮೆ ಅನ್ನಿಸಿತು, ಕೈ ಕೇಳಲಿಲ್ಲ. ನಕ್ಷೆಯಲ್ಲಿ ಮಧ್ಯದ ಗೋಡೆ ಒಡೆಸಿದೆ, ಅಡಿಗೆಮನೆಗೆ ಮೂಡಣ ಬೆಳಕು ಕೊಟ್ಟೆ, ಮಳೆಯ ಇರಚಲು ಒಳಗೆ ಬಾರದ ಹಾಗೆ ಕಿಟಕಿಯ ಮೇಲೆ ಸಜ್ಜಾ ಚಾಚಿಸಿದೆ. ಹಾಳೆಯನ್ನು ಕೆಳಗಿನ ಮೇಜಿನ ಮೇಲೆ ಹಾಸಿದಾಗ ಅಣ್ಣ ಕನ್ನಡಕ ಹಾಕಿಕೊಂಡು ಬಗ್ಗಿದ. ಗೆರೆಗಳ ಮೇಲೆ ಬೆರಳು ಓಡಿಸುತ್ತಾ ಒಂದೊಂದಾಗಿ ಕೇಳಿದ. ಬಾಗಿಲು ಒಳಗೆ ತೆರೆಯುತ್ತದೋ ಹೊರಗೋ? ಮಂಚ ಇಟ್ಟರೆ ಓಡಾಡಲು ಜಾಗ ಉಳಿಯುತ್ತದೋ? ನೀರಿನ ಪೈಪು ಯಾವ ಕಡೆಯಿಂದ? ಎಲ್ಲವೂ ಸರಿಯಾದ ಪ್ರಶ್ನೆಗಳೇ. ನಾನು ಅವನ ಪಕ್ಕ ನಿಂತು ಒಂದೊಂದಕ್ಕೂ ಉತ್ತರ ಹೇಳಿದೆ. ಅವನು ತಲೆಯೆತ್ತಿ ನನ್ನನ್ನು ನೋಡಿದ. ಕಣ್ಣಲ್ಲಿ ಬೆರಗಿತ್ತು.

"ಇಷ್ಟ ಛಂದ ಮಾಡ್ತೀಯೇನು ನೀ" ಅಂದ.

ಆ ಹಾಳೆಯಲ್ಲಿ ನನಗೆ ಜಾಗ ಎಲ್ಲಿದೆ ಎಂದು ಮಾತ್ರ ಅವನು ಕೇಳಲಿಲ್ಲ. ನಾನೂ ಬರೆದಿರಲಿಲ್ಲ.